ಬಿಯರ್ ಮಾಲ್ಟ್: ಪ್ಯಾಕೆಟ್ಟಾ, ಇಡೀ ಮೂಟೆನಾ, ಪಾಲು ಮೂಟೆನಾ?

ಮನೇಲಿ ಬಿಯರ್ ಮಾಡೋಕೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಕಾಳು) ತರೋದನ್ನ ನಾನು ಮೂರು ಥರ ಮಾಡಿ ನೋಡಿದೀನಿ. ಒಂದು ಬ್ಯಾಚಿಗೆ ಬೇಕಾದಷ್ಟೇ ಕಾಳು ಒಡೆಸಿ ಪ್ಯಾಕೆಟಲ್ಲಿ ತರಿಸೋದು, 25 ಕೇಜಿ ಮೂಟೆ ಒಬ್ಬನೇ ತಗೊಳ್ಳೋದು, ಅದೇ ಮೂಟೆನ ಮೂರು ಜನ ಹಂಚ್ಕೊಳ್ಳೋದು. ಬರೀ ಕೇಜಿ ರೇಟ್ ನೋಡಿದ್ರೆ ಮೂಟೆನೇ ಅಗ್ಗ, ನಂಗೆ ಪ್ಯಾಕೆಟ್ಟಿನ ಹೆಚ್ಚೂಕಮ್ಮಿ ಅರ್ಧ ರೇಟಿಗೆ ಸಿಕ್ತು. ಆದ್ರೆ ಈಗ ನಾನು ಲೆಕ್ಕ ಹಾಕೋದು ಒಂದು ಬ್ಯಾಚಿಗೆ ಎಷ್ಟು ಬಿತ್ತು ಅಂತ, ಕೆಟ್ಟು ಬಿಸಾಕಿದ ಕಾಳನ್ನೂ ಸೇರಿಸಿ. ಹಾಗೆ ನೋಡಿದ್ರೆ ಉತ್ತರ ಬೇರೆನೇ ಬರುತ್ತೆ.

20 ಲೀಟರ್ ಬ್ಯಾಚು, ಆಲ್ಕೋಹಾಲ್ 5 ಪರ್ಸೆಂಟ್ ಆಸುಪಾಸು ಅಂದ್ರೆ ನಂಗೆ ನಾಲ್ಕೂವರೆಯಿಂದ ಐದು ಕೇಜಿ ಕಾಳು ಬೇಕು. ಪ್ಯಾಕೆಟ್ ಆದ್ರೆ ಬಂದಿದ್ದೇ ಬಿಸಿನೀರಿಗೆ ಸುರಿದ್ರೆ ಆಯ್ತು, ಕಾಳು ಒಡೆಯೋ ಮಿಲ್ ಬೇಡ, ಜಾಗ ಬೇಡ. ತೊಂದ್ರೆ ಏನಂದ್ರೆ ಒಡೆದಿರೋ ಕಾಳು ಬೇಗ ಮೆತ್ತಗಾಗುತ್ತೆ, ಕೆಲವು ವಾರದೊಳಗೆ ಮುಗಿಸಿಬಿಡ್ಬೇಕು, ಇನ್ನೊಂದು ಏನಂದ್ರೆ ಒಡೆಯೋದು ನಮ್ಮ ಕೈಲಿಲ್ಲ. ಒಂದ್ಸಲ ಬಂದ ಪ್ಯಾಕೆಟಲ್ಲಿ ಕೈ ಹಾಕಿ ನೋಡಿದ್ರೆ ಐದಾರು ಕಾಳಿಗೆ ಒಂದು ಇಡಿಯಾಗೇ ಇತ್ತು, 1.050 ಬರ್ಬೇಕಿದ್ದ ಗ್ರಾವಿಟಿ (ನೀರಿಗೆ ಎಷ್ಟು ಸಕ್ಕರೆ ಇಳಿದಿದೆ ಅನ್ನೋ ಅಳತೆ) 1.040ಕ್ಕೇ ನಿಂತ್ಹೋಯ್ತು. ಒಡೀದಿರೋ ಕಾಳಿನೊಳಗೆ ನೀರು ಸರಿಯಾಗಿ ಇಳಿಯಲ್ಲ, ಇಳೀದೇ ಇದ್ರೆ ಪಿಷ್ಟ ಸಕ್ಕರೆ ಆಗೋದು ಹೇಗೆ? ದುಡ್ಡು ಕೊಟ್ಟಿದ್ದು ಪೂರ್ತಿ ಕಾಳಿಗೆ, ಸಿಕ್ಕಿದ್ದು ಮುಕ್ಕಾಲು.

ಆ ಸಿಟ್ಟಲ್ಲೇ ಇಡೀ ಮೂಟೆ ತಂದೆ, ಒಡೀದೇ ಇರೋ, ತಿಳಿ ಬಣ್ಣದ ಪೇಲ್ ಮಾಲ್ಟು. ಇದ್ರಲ್ಲಿ ಎರಡು ತಪ್ಪು ಮಾಡ್ದೆ. 25 ಕೇಜಿ ಕಾಳು ಸುಮಾರು 45 ಲೀಟರ್ ಜಾಗ ತಗೊಳ್ಳುತ್ತೆ ಅಂತ ಗೊತ್ತಿರ್ಲಿಲ್ಲ, 20 ಲೀಟರಿನ ಎರಡೇ ಬಕೆಟ್ ತಂದಿದ್ದೆ, ಮಿಕ್ಕಿದ್ದನ್ನ ಮೂಟೇಲೇ ಬಾಯಿ ಸುತ್ತಿ ಮೂಲೇಲಿ ಇಟ್ಟೆ. ಒಂದೂವರೆ ತಿಂಗಳಿಗೆ ಅದ್ರಲ್ಲಿ ಹುಳ. ಬಕೆಟಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದು ಮಾತ್ರ ಎಂಟು ತಿಂಗಳಾದ್ರೂ ಹಲ್ಲಿಗೆ ಇಟ್ರೆ ಕಟುಂ ಅಂತಿತ್ತು, ಆಮೇಲೆ ಸಿಹಿ ಬರ್ತಿತ್ತು. ಕಾಳು ಚೆನ್ನಾಗಿದ್ಯಾ ಅಂತ ನೋಡೋಕೆ ನಂಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ, ಕಚ್ಚಿದಾಗ ಚರ್ಮದ ಥರ ಬಗ್ಗಿದ್ರೆ ತೇವ ಎಳೆದಿದೆ ಅಂತಲೇ.

ಎರಡನೇ ತಪ್ಪು, ಮಿಕ್ಸಿ. ಮಿಲ್ ಯಾಕೆ ದಂಡ ಅಂತ ಮಿಕ್ಸೀಲಿ ಹಾಕ್ದೆ, ಕೆಳಗಿಂದು ಹಿಟ್ಟಾಯ್ತು, ಮೇಲಿಂದು ಹಾಗೇ ಉಳೀತು, ಸಿಪ್ಪೆ ಎಲ್ಲಾ ಪುಡಿ ಪುಡಿ. ಮ್ಯಾಶ್ (ಬಿಸಿನೀರಲ್ಲಿ ನೆನೆಸಿದ ಕಾಳು) ಸೋಸೋಕೆ ಹೋದ್ರೆ ಅಂಟು ಥರ ಕೂತ್ಬಿಡ್ತು, ಎರಡು ಗಂಟೆ ಸೌಟಲ್ಲಿ ಕೆದಕ್ತಾ ಕೂತಿದ್ದೆ, ಬಿಯರೂ ಒಗರಾಯ್ತು. ಆ ಸಿಪ್ಪೆನೇ ಜರಡಿ ಥರ ಕೆಲ್ಸ ಮಾಡೋದು, ಅದು ಉಳೀಬೇಕು. ಆಮೇಲೆ ಎರಡು ರೋಲರಿನ ಮಿಲ್ ತಗೊಂಡೆ, ಗ್ಯಾಪ್ 1 ಮಿಲಿಮೀಟರ್ ಹತ್ತಿರ ಇಟ್ರೆ ಕಾಳು ಎರಡು ಮೂರು ತುಂಡಾಗಿ ತರಿ ತರಿ ಬೀಳುತ್ತೆ, ಸಿಪ್ಪೆ ಹೆಚ್ಚುಕಮ್ಮಿ ಇಡಿಯಾಗೇ ಇರುತ್ತೆ. ಮಿಲ್ಲಿನ ಖರ್ಚು ನಂಗೆ ಎರಡನೇ ಮೂಟೆ ಮುಗಿಯೋಷ್ಟರಲ್ಲಿ ವಾಪಸ್ ಬಂತು.

ಮೂಟೇಲಿ ತರೋದಾದ್ರೆ ಬೇಸ್ ಮಾಲ್ಟ್ (ಪೇಲ್, ಪಿಲ್ಸ್ನರ್ ಥರದ ಮುಖ್ಯ ಕಾಳು) ಮಾತ್ರ ತನ್ನಿ, ರೆಸಿಪಿಯ ಮುಕ್ಕಾಲಿಗಿಂತ ಜಾಸ್ತಿ ಅದೇ ಇರುತ್ತೆ. ಬಣ್ಣ, ರುಚಿಗೆ ಹಾಕೋ ಕ್ರಿಸ್ಟಲ್, ಚಾಕೊಲೇಟ್ ಮಾಲ್ಟ್ ಒಂದು ಬ್ಯಾಚಿಗೆ 200, 300 ಗ್ರಾಂ ಹೋದ್ರೆ ದೊಡ್ದು, ಅದನ್ನ ಮೂಟೇಲಿ ತಂದ್ರೆ ವರ್ಷಗಟ್ಟಲೆ ಕೂತಿರುತ್ತೆ, ಎಷ್ಟೇ ಡಿಸ್ಕೌಂಟ್ ಇರ್ಲಿ. ಪೇಲಾ ಪಿಲ್ಸ್ನರಾ ಅಂದ್ರೆ ನನ್ನ ಓಟು ಪೇಲಿಗೇ, ಪಿಲ್ಸ್ನರ್ ಆದ್ರೆ ಬೇಯಿಸಿದ ಜೋಳದಂಥ ವಾಸನೆ ಹೋಗೋಕೆ ನಾನು 90 ನಿಮಿಷ ಕುದಿಸ್ತೀನಿ, ಅಷ್ಟು ಗ್ಯಾಸೂ ಖರ್ಚೇ ಅಲ್ವಾ.

ಪಾಲು ಮೂಟೆ ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ನಡೀತು. ತಲೆಗೆ ಎಂಟು ಕೇಜಿ ಚಿಲ್ಲರೆ, ಒಂದೇ ಬಕೆಟಲ್ಲಿ ಮುಗೀತು, ಸಾಗಣೆ ಖರ್ಚು ಮೂರು ಪಾಲಾಯ್ತು, ಮಿಲ್ ಮೂವರಿಗೂ ಒಂದೇ. ಕಷ್ಟ ಅಂದ್ರೆ ಯಾವ ಮಾಲ್ಟ್ ಅಂತ ಒಪ್ಪೋದು, ಒಬ್ಬನಿಗೆ ಗೋಧಿ ಮಾಲ್ಟೇ ಬೇಕು, ಇನ್ನೊಬ್ಬನಿಗೆ ಸ್ವಲ್ಪ ಗಾಢ ಬಣ್ಣದ ಮ್ಯೂನಿಕ್ ಮಾಲ್ಟ್. ಕೊನೆಗೆ ಪೇಲಿಗೇ ಬಂದು ನಿಂತ್ವಿ.

ಎರಡು ತಿಂಗಳಿಗೊಂದು ಬ್ಯಾಚ್ ಮಾಡೋರಿಗೆ ನಾನು ಪಾಲು ಮೂಟೆನೇ ಹೇಳ್ತೀನಿ. ತಿಂಗಳಿಗೊಂದು ಇಲ್ಲ ಅದಕ್ಕಿಂತ ಜಾಸ್ತಿ ಮಾಡ್ತೀರಾ ಅಂದ್ರೆ ಇಡೀ ಮೂಟೆ ತನ್ನಿ, ಐದಾರು ಬ್ಯಾಚು ಬರುತ್ತೆ, ಅರ್ಧ ವರ್ಷದಲ್ಲಿ ಖಾಲಿ. ವರ್ಷಕ್ಕೆ ಎರಡು ಮೂರು ಸಲ ಮಾಡೋರು ಪ್ಯಾಕೆಟ್ಟೇ ತಗೊಳ್ಳಿ, ಬಂದ ತಕ್ಷಣ ಒಂದು ಹಿಡಿ ತಟ್ಟೇಲಿ ಹರಡಿ, ಒಡೀದೇ ಇರೋ ಕಾಳು ಎಷ್ಟಿದೆ ನೋಡಿ, ಜಾಸ್ತಿ ಇದ್ರೆ ಫೋಟೋ ತೆಗೆದು ಅಂಗಡಿಗೆ ಕಳ್ಸಿ ಬದಲಾಯಿಸಿಕೊಡಿ ಅಂತ ಕೇಳಿ.