ಹೈ ವೋಲ್ಟೇಜ್ ಪಲ್ಸ್ ಯಂತ್ರ: ಹರಳು ಬೇಕಿದ್ದರೆ ಕೊಳ್ಳಿ, ಪುಡಿ ಬೇಕಿದ್ದರೆ ಬೇಡ

ನಮ್ಮದು ಕೋಲಾರದಲ್ಲಿ ಕಲ್ಲಿನ ಸ್ಯಾಂಪಲ್ ತಯಾರಿಸಿಕೊಡುವ ಚಿಕ್ಕ ಲ್ಯಾಬ್. ಕಲ್ಲು ಜಜ್ಜುವ ಜಾ ಕ್ರಷರ್, ಪುಡಿ ಮಾಡುವ ಪಲ್ವರೈಸರ್ ಪಕ್ಕದಲ್ಲಿ, ಕ್ಷಣಮಾತ್ರದ ಕರೆಂಟ್ ಹೊಡೆತದಿಂದ (ಪಲ್ಸ್) ಕಲ್ಲು ಒಡೆಯುವ ಈ ಯಂತ್ರವೂ ಕೆಲವು ವರ್ಷಗಳಿಂದ ಓಡುತ್ತಿದೆ.

ಕಲ್ಲನ್ನು ನೀರಲ್ಲಿ ಮುಳುಗಿಸಿ, ಎರಡು ಎಲೆಕ್ಟ್ರೋಡ್ ನಡುವೆ 90ರಿಂದ 200 ಕಿಲೋವೋಲ್ಟ್ ಪಲ್ಸ್ ಬಿಡಬೇಕು. ವೋಲ್ಟೇಜ್ ಅರ್ಧ ಮೈಕ್ರೋಸೆಕೆಂಡಿನೊಳಗೆ ಏರಿದರೆ ನೀರು ಕಲ್ಲಿಗಿಂತ ಒಳ್ಳೆಯ ಇನ್ಸುಲೇಟರ್ ಆಗಿಬಿಡುತ್ತದೆ. ಆಗ ಕರೆಂಟ್ ನೀರು ಬಿಟ್ಟು ಕಲ್ಲಿನೊಳಗೇ ನುಗ್ಗುತ್ತದೆ. ಅದು ಹಾದ ದಾರಿ ಪ್ಲಾಸ್ಮಾ, ಅಂದರೆ ವಿಪರೀತ ಕಾದ ಅನಿಲ ಆಗಿ ಹಿಗ್ಗಿ, ಕಲ್ಲು ಒಳಗಿಂದ ಬಿರಿಯುತ್ತದೆ. ಒತ್ತಿದರೆ ಜಗ್ಗದ ಕಲ್ಲು ಎಳೆತಕ್ಕೆ ಸುಲಭವಾಗಿ ಸೋಲುತ್ತದೆ, ಅದೇ ಇಲ್ಲಿನ ಗುಟ್ಟು. ಬಿರುಕು ಹೆಚ್ಚಾಗಿ ಖನಿಜಗಳ ಅಂಚು ಹಿಡಿದೇ ಹೋಗುತ್ತದೆ, ಹಲಸಿನ ತೊಳೆ ಬಿಡಿಸಿದ ಹಾಗೆ.

ನಮ್ಮ ಕಡೆಯ ನೈಸ್ (gneiss) ಎಂಬ ಪಟ್ಟೆ ಪಟ್ಟೆ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅದನ್ನು ಲೆಕ್ಕ ಹಾಕಲು ಕಲ್ಲಿನೊಳಗಿನ ಜಿರ್ಕಾನ್ ಎಂಬ ಖನಿಜದ ಪುಟ್ಟ ಹರಳು ಬೇಕು. ಕ್ರಷರಿನಲ್ಲಿ ಅರ್ಧಕ್ಕರ್ಧ ಮುರಿದ ಹರಳೇ ಸಿಗುತ್ತಿತ್ತು. ಇದರಲ್ಲಿ ಮೂಲೆ ಸಮೇತ ಇಡೀ ಹರಳು ಬರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕು, ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ.

ಚಿನ್ನದ ಅದಿರಿಗೆ? ಸಲ್ಫೈಡ್ (ಚಿನ್ನದ ಜೊತೆ ಹೆಚ್ಚಾಗಿ ಸಿಗುವ, ಗಂಧಕ ಸೇರಿದ ಲೋಹದ ಖನಿಜ) ಇರುವ ತುಂಡುಗಳಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ಅವು ಮೊದಲು ಒಡೆಯುತ್ತವೆ. ಕಡಿಮೆ ಪಲ್ಸ್ ಕೊಟ್ಟು ಜರಡಿ ಹಿಡಿದರೆ ಬರೀ ಬಿಳಿ ಸ್ಫಟಿಕದ ದೊಡ್ಡ ತುಂಡು ಮೇಲೆ ಉಳಿಯುತ್ತದೆ, ಅದನ್ನು ಅರೆಯುವ ಖರ್ಚು ಉಳಿತಾಯ. ಗಣಿಗಳಲ್ಲಿ ಕರೆಂಟ್ ಬಿಲ್ಲಿನ ದೊಡ್ಡ ಪಾಲು ಅರೆಯುವುದಕ್ಕೇ ಹೋಗುತ್ತದೆ ಅಲ್ವಾ. ಆದರೆ ನಮ್ಮ ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿತು. ಇಲ್ಲಿ ಬರುವುದು ಕಿಲೋ ಲೆಕ್ಕದ ಸ್ಯಾಂಪಲ್, ಟನ್ ಅಲ್ಲ. ಚಿನ್ನದ ಅಂಶ ಅಳೆಯಲು ನುಣ್ಣನೆ ಪುಡಿಯೇ ಬೇಕು, ಅದಕ್ಕೆ ಪಲ್ವರೈಸರ್ ಬಿಟ್ಟು ದಾರಿಯಿಲ್ಲ.

ಇನ್ನು ತಲೆನೋವು ನೀರು. ಕೋಲಾರದ ಬೋರ್‌ವೆಲ್ ನೀರಲ್ಲಿ ಉಪ್ಪಿನಂಶ ಜಾಸ್ತಿ. ಅದನ್ನು ಹಾಕಿದರೆ ಪಲ್ಸ್ ನೀರಲ್ಲೇ ಸೋರಿಹೋಗುತ್ತದೆ. ಡಿಸ್ಟಿಲ್ಡ್ ಅಥವಾ ಲವಣ ತೆಗೆದ ನೀರೇ ಬೇಕು. ಒಡೆದ ಕಲ್ಲಿನಿಂದಲೂ ಲವಣ ಕರಗುವುದರಿಂದ ಪದೇ ಪದೇ ಬದಲಿಸಬೇಕು. ಸ್ಯಾಂಪಲ್ ಒಣಗಿಸುವ ಕೆಲಸ ಬೇರೆ. ಮೊದಲ ಬೇಸಿಗೆಯ ನಂತರ ಯಂತ್ರಕ್ಕಿಂತ ನೀರಿನ ಘಟಕದ ಲೆಕ್ಕವೇ ನಮಗೆ ಭಾರ ಅನಿಸಿತು.

ಎಲೆಕ್ಟ್ರೋಡ್ ತುದಿ ಸವೆಯುತ್ತದೆ, ಆ ಲೋಹ ಸ್ಯಾಂಪಲ್ಲಿಗೆ ಸೇರುತ್ತದೆ. ಕಬ್ಬಿಣದ ಅಂಶ ಅಳೆಯಬೇಕಾದ ಕಲ್ಲನ್ನು ಇದಕ್ಕೆ ಹಾಕಲೇಬೇಡಿ. ಮಾರಿದವರು ಸರ್ವಿಸ್ ಎಂದರೆ ಫೋನಿನಲ್ಲಿ ಚುರುಕು, ಬಿಡಿಭಾಗ ಕಳಿಸುವುದರಲ್ಲಿ ನಿಧಾನ. ಸುಮ್ನೆ ಕಾಯುತ್ತಾ ಕೂರುವ ಬದಲು ಎಲೆಕ್ಟ್ರೋಡ್ ಜೋಡಿ ಮೊದಲೇ ತರಿಸಿಟ್ಟುಕೊಳ್ಳಿ.