ಅಸಲಿ ಲಬುಬು ಹುಡುಕಿಕೊಂಡು: ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ರೀಸೆಲ್ಲರ್ ಅಂಗಡಿ

ಮುಂಬೈಯಲ್ಲಿ ಡುಪ್ಲಿಕೇಟ್ ಆಟಿಕೆ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಎಲ್ಲರೂ ಕ್ರಾಫರ್ಡ್ ಮಾರ್ಕೆಟ್ ಕಡೆ ಕೈ ತೋರಿಸುತ್ತಾರೆ. ನನಗೆ ಆ ಗಲ್ಲಿಗಳ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಅಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕಿದ ಲಬುಬುವನ್ನು, ಅಂದರೆ ಚೀನಾದ ಪಾಪ್ ಮಾರ್ಟ್ ಕಂಪನಿಯ ಆ ಚೂಪು ಹಲ್ಲಿನ ಗೊಂಬೆಯನ್ನು, ಮುನ್ನೂರಕ್ಕೋ ನಾನೂರಕ್ಕೋ ಕೊಡುವವನು ಅದು ಅಸಲಿ ಅಂತ ಹೇಳುವುದೇ ಇಲ್ಲ. ಕೇಳಿದರೆ 'ಫಸ್ಟ್ ಕಾಪಿ ಹೈ' ಅಂತ ನಗುತ್ತಾನೆ. ಕೊಡುವವನಿಗೂ ಗೊತ್ತು, ತಗೊಳ್ಳುವವನಿಗೂ ಗೊತ್ತು. ಮೋಸ ನಡೆಯುವುದು ಬೇರೆ ಕಡೆ. ಇನ್‌ಸ್ಟಾಗ್ರಾಮ್‌ನಲ್ಲಿ 'ಸೀಲ್ಡ್, ನೂರಕ್ಕೆ ನೂರು ಒರಿಜಿನಲ್, ಬೆಲೆಗೆ ಡಿಎಂ ಮಾಡಿ' ಅಂತ ಹಾಕಿಕೊಂಡು, ಅಸಲಿ ಬೆಲೆಗಿಂತ ಬರೀ ಐನೂರು ರೂಪಾಯಿ ಕಡಿಮೆ ಹೇಳುವವರಿದ್ದಾರಲ್ಲ, ಅಲ್ಲಿ. ಅರ್ಧಕ್ಕರ್ಧ ಕಡಿಮೆ ಹೇಳಿದರೆ ನಮಗೆ ಅನುಮಾನ ಬರುತ್ತದೆ, ಐನೂರು ಕಡಿಮೆ ಹೇಳಿದರೆ ಖುಷಿಯಾಗುತ್ತದೆ. ಅಷ್ಟು ಲೆಕ್ಕ ಅವರಿಗೂ ಗೊತ್ತು.

ಈ ಬರಹ ಕಿಂಗ್ಸ್ ಸರ್ಕಲ್ ಹತ್ತಿರ, ಮಾಟುಂಗಾ ಪೂರ್ವದ ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿರುವ ಪುಟ್ಟ ಅಂಗಡಿಯ ಬಗ್ಗೆ. ಹೆಸರು ಬರೆಯುವುದಿಲ್ಲ. ಬರೆದರೆ ಜಾಹೀರಾತು ಅಂತೀರಿ. ಅದೂ ಅಲ್ಲದೆ ನೀವು ಡೊಂಬಿವಲಿಯಲ್ಲೋ ಪುಣೆಯಲ್ಲೋ ಇದ್ದರೆ ಹೆಸರಿನಿಂದ ನಿಮಗೇನೂ ಉಪಯೋಗವಿಲ್ಲ, ಅವನು ಮಾರುವ ರೀತಿ ಗೊತ್ತಾದರೆ ನಿಮ್ಮ ಕಡೆಯ ರೀಸೆಲ್ಲರ್‌ನನ್ನು ಅಳೆದು ನೋಡಬಹುದು. ಅಂಗಡಿ ನಡೆಸುವವನು ಕುಂದಾಪುರ ಕಡೆಯ ಹುಡುಗ, ಅಪ್ಪ ಕ್ಯಾಂಟೀನ್ ನಡೆಸುತ್ತಿದ್ದರಂತೆ. ನಾನು ಮೊದಲು ಬೆಲೆ ಕೇಳಿದೆ. ಅವನು ಹೇಳಲಿಲ್ಲ.

'ಮೊದಲು ನೋಡಿ ಅಂಕಲ್. ಬೆಲೆ ಎಲ್ಲಿಗೂ ಓಡಿ ಹೋಗುವುದಿಲ್ಲ.'

ಹಾಗಂದವನು ಮೇಜಿನ ಕೆಳಗಿನಿಂದ ಎರಡು ಗೊಂಬೆ ತೆಗೆದ. ಒಂದು ಅಸಲಿ, ಇನ್ನೊಂದು ನಕಲಿ. ನಕಲಿಯನ್ನು ಮಾರುವುದಕ್ಕಲ್ಲ, ತೋರಿಸುವುದಕ್ಕೆ ಇಟ್ಟುಕೊಂಡಿದ್ದಾನೆ. ಯಾವುದು ಯಾವುದು ಅಂತ ನನ್ನನ್ನೇ ಕೇಳಿದ. ಇಷ್ಟು ಚೆನ್ನಾಗಿ ಮಾರುವವರನ್ನು ನಾನು ಬೇರೆ ಕಡೆ ನೋಡಿಲ್ಲ ಮಾರಾಯ್ರೆ.

ನೋಡುವುದು ಹೇಗೆ ಅಂದರೆ, ಮೊದಲು ಹಲ್ಲು. ಅಸಲಿ ಲಬುಬುಗೆ ಸರಿಯಾಗಿ 9 ಚೂಪು ಹಲ್ಲು. ನಕಲಿಯಲ್ಲಿ ಒಂದೆರಡು ಜಾಸ್ತಿಯೋ ಕಡಿಮೆಯೋ ಇರುವುದು ಮಾಮೂಲು. ಮುಖದ ಬಣ್ಣ ತಿಳಿ ಪೀಚ್, ಕಣ್ಣಿಗೆ ಹೊಡೆಯುವುದಿಲ್ಲ. ನಕಲಿ ಮುಖ ಒಂದೋ ತೀರಾ ಗುಲಾಬಿ, ಇಲ್ಲ ಬಿಳುಚಿಕೊಂಡಿರುತ್ತದೆ. ಹೊಸ ಸರಣಿಗಳಲ್ಲಿ ಒಂದು ಪಾದದ ಮೇಲೆ ಯುವಿ ಬೆಳಕಿಗೆ ಮಾತ್ರ ಕಾಣುವ ಮುದ್ರೆ ಇದೆ. ನೋಟು ನೋಡುವ ಚಿಕ್ಕ ಟಾರ್ಚು ಸಾಕು, ಅಂಗಡಿಯಲ್ಲಿ ದಾರ ಕಟ್ಟಿ ನೇತುಹಾಕಿದ್ದಾನೆ. ಹಳೇ ಸರಣಿಯಲ್ಲಿ ಈ ಮುದ್ರೆ ಇಲ್ಲದಿದ್ದರೆ ಗಾಬರಿ ಬೇಡ.

ಆಮೇಲೆ ಪೆಟ್ಟಿಗೆ. ಪಾಪ್ ಮಾರ್ಟ್‌ನ ಹೊಲೋಗ್ರಾಮ್ ಸ್ಟಿಕ್ಕರ್ ಇರಬೇಕು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಪ್ ಮಾರ್ಟ್‌ನ ಸ್ವಂತ ತಾಣಕ್ಕೇ ಹೋಗಬೇಕು. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ಸ್ಕ್ಯಾನ್ ಆಯಿತು, ಹಸಿರು ಗುರುತು ಬಂತು, ಮುಗಿಯಿತು ಅಂದುಕೊಳ್ಳುತ್ತಾರೆ. ಅದೇ ಥರ ಕಾಣುವ ಪುಟವನ್ನು ನಕಲಿ ಮಾಡುವವನೂ ಕಟ್ಟಬಲ್ಲ. ಪುಟ ನೋಡಬೇಡಿ, ಮೇಲಿರುವ ವಿಳಾಸವನ್ನು ಒಂದೊಂದೇ ಅಕ್ಷರ ಓದಿ. ಇನ್ನೂ ಒಂದು ವಿಷಯವಿದೆ. ಖಾಲಿ ಪೆಟ್ಟಿಗೆಗೂ ಗಿರಾಕಿ ಇದ್ದಾರೆ. ಪೆಟ್ಟಿಗೆ ಅಸಲಿ, ಕೋಡ್ ಅಸಲಿ, ಒಳಗಿನ ಗೊಂಬೆ ಮಾತ್ರ ನಕಲಿ, ಹೀಗೂ ಆಗಬಹುದು. ಅದಕ್ಕೇ ಕೋಡ್ ಮುಚ್ಚಿದ ಪದರವನ್ನು ಯಾರೋ ಮೊದಲೇ ಕೆರೆದಿದ್ದರೆ ಗೊಂಬೆಯನ್ನು ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ.

ಬೆಲೆ ವಿಷಯಕ್ಕೆ ಬರೋಣ, ಯಾಕಂದರೆ ಜಗಳ ಇರುವುದೇ ಇಲ್ಲಿ. ನೇತುಹಾಕುವ ಲಬುಬು ಪೆಟ್ಟಿಗೆಗೆ 2025ರಲ್ಲಿ ಅಮೆರಿಕಾದ ಪಾಪ್ ಮಾರ್ಟ್‌ನಲ್ಲಿ 27.99 ಡಾಲರ್ ಇತ್ತು. ಅಂದರೆ ಹೆಚ್ಚುಕಡಿಮೆ 2,400 ರೂಪಾಯಿ, ಅದೂ ಅಲ್ಲಿಯ ಅಂಗಡಿಯಲ್ಲಿ. ಇಲ್ಲಿಗೆ ತರುವ ಖರ್ಚು ಬೇರೆ. ಆಟಿಕೆ ಮೇಲಿನ ಆಮದು ಸುಂಕವನ್ನು ಸರ್ಕಾರ 2020ರಲ್ಲಿ 20 ಪರ್ಸೆಂಟ್‌ನಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಹೀಗಿರುವಾಗ 'ಸೀಲ್ಡ್ ಒರಿಜಿನಲ್ 1,200 ರೂಪಾಯಿ, ಶಿಪ್ಪಿಂಗ್ ಫ್ರೀ' ಅನ್ನುವವನು ಧರ್ಮಕ್ಕೆ ಹಂಚುತ್ತಿದ್ದಾನಾ? ಆದರೆ ಉಲ್ಟಾ ಲೆಕ್ಕ ಹಾಕಬೇಡಿ. ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ಅಸಲಿ ಅಲ್ಲ. ನನ್ನ ಆಫೀಸಿನ ಗೆಳೆಯನೊಬ್ಬ ಆನ್‌ಲೈನ್ ರೀಸೆಲ್ಲರ್ ಒಬ್ಬನಿಗೆ ನಾಲ್ಕು ಸಾವಿರ ಕೊಟ್ಟ. ಬಂದ ಗೊಂಬೆಯ ಒಂದು ಕಾಲು ಹಿಂದುಮುಂದಾಗಿತ್ತು. ಕೇಳಿದರೆ 'ಅನ್‌ಬಾಕ್ಸಿಂಗ್ ವಿಡಿಯೋ ಇದೆಯಾ' ಅಂದ, ಇಲ್ಲ ಅಂದಿದ್ದಕ್ಕೆ ಬ್ಲಾಕ್ ಮಾಡಿದ.

ಈ ವಿಡಿಯೋ ಕಥೆ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ನಾವು ಪೆಟ್ಟಿಗೆ ಒಡೆಯುವುದನ್ನು ಎಡಿಟ್ ಇಲ್ಲದೆ ಚಿತ್ರೀಕರಿಸಬೇಕಂತೆ, ಅವರು ಕಟ್ಟುವಾಗ ಏನು ಹಾಕಿದರು ಅಂತ ನಾವು ಕೇಳಬಾರದಂತೆ. ಮಾಟುಂಗಾದ ಹುಡುಗ ಪುಣೆಗೋ ಗೋವಾಕ್ಕೋ ಕಳಿಸುವಾಗ ಗೊಂಬೆ ಪಕ್ಕದಲ್ಲಿ ಗಿರಾಕಿ ಹೆಸರು, ಅವತ್ತಿನ ತಾರೀಕು ಬರೆದ ಚೀಟಿ ಇಟ್ಟು, ಹಲ್ಲು, ಪಾದ, ಕೋಡ್ ಎಲ್ಲ ತೋರಿಸಿ, ಟೇಪ್ ಹಾಕುವವರೆಗೂ ಒಂದೇ ವಿಡಿಯೋ ಮಾಡಿ ವಾಟ್ಸಾಪ್‌ಗೆ ಕಳಿಸುತ್ತಾನೆ. ನಾನೇ ನಿಂತು ನೋಡಿದ್ದೇನೆ. ನೀವು ಬೇರೆ ಯಾರ ಹತ್ತಿರ ತಗೊಂಡರೂ ಈ ಚೀಟಿ ಕೇಳಿ. ಮಾಲು ಕೈಯಲ್ಲಿ ಇಲ್ಲದವನು ಚೀಟಿ ಇಟ್ಟು ಫೋಟೋ ತೆಗೆಯಲಾರ. 'ಗೋಡೌನ್‌ನಲ್ಲಿದೆ, ನಾಳೆ ಕಳಿಸುತ್ತೇನೆ, ಇವತ್ತು ಅಡ್ವಾನ್ಸ್ ಹಾಕಿ' ಅಂದರೆ ಅಲ್ಲಿಗೇ ಬಿಡಿ. ದುಡ್ಡು ಹೋಗೇ ಹೋಯಿತು ಅಂದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮಾಲು ಬಂದು ಅದು ನಕಲಿಯಾಗಿದ್ದರೆ ಗ್ರಾಹಕರ ಸಹಾಯವಾಣಿ 1915.

'ಸೀಕ್ರೆಟ್' ಗೊಂಬೆ ಬೇಕು ಅನ್ನುವವರಿಗೆ ಒಂದು ಮಾತು. ಪೆಟ್ಟಿಗೆ ಒಡೆಯುವವರೆಗೆ ಒಳಗೆ ಯಾವ ಗೊಂಬೆ ಇದೆ ಅಂತ ಗೊತ್ತಾಗುವುದಿಲ್ಲ, ಅದರಲ್ಲಿ ಅಪರೂಪಕ್ಕೆ ಬರುವುದೇ ಸೀಕ್ರೆಟ್. ಲಬುಬುವಿನ ಬಿಗ್ ಇಂಟು ಎನರ್ಜಿ ಸರಣಿಯಲ್ಲಿ ಸೀಕ್ರೆಟ್ ಸಿಗುವ ಸಾಧ್ಯತೆ 72ರಲ್ಲಿ ಒಂದು. ಒಂದು ಸೆಟ್‌ಗೆ 6 ಪೆಟ್ಟಿಗೆ, ಅಂದರೆ ಸರಾಸರಿ 12 ಸೆಟ್ ಒಡೆದರೆ ಒಂದು. ಒಬ್ಬನೇ ಸಣ್ಣ ರೀಸೆಲ್ಲರ್ ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಎಂಟು ಹತ್ತು ಸೀಕ್ರೆಟ್ ಸಾಲಾಗಿ ನಿಲ್ಲಿಸಿದ್ದರೆ ಅವನು ಎಷ್ಟು ಪೆಟ್ಟಿಗೆ ಒಡೆದಿರಬೇಕು, ನೀವೇ ಗುಣಿಸಿ ನೋಡಿ. ನಮ್ಮ ಹುಡುಗನ ಹತ್ತಿರ ನಾನು ಹೋದಾಗ ಒಂದೂ ಇರಲಿಲ್ಲ. 'ಬಂದರೆ ಹೇಳುತ್ತೇನೆ, ಬರುತ್ತದೆ ಅಂತ ಹೇಳುವುದಿಲ್ಲ' ಅಂದ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕ್ರಾಫರ್ಡ್ ಮಾರ್ಕೆಟ್‌ನ ಮುನ್ನೂರು ರೂಪಾಯಿಯದ್ದೂ ಬೇಡ. 2025ರ ಆಗಸ್ಟ್‌ನಲ್ಲಿ ಅಮೆರಿಕಾದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ನಕಲಿ ಲಬುಬು ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಬಹುದು ಅಂತ. ನನ್ನ ತಂಗಿ ಮಗಳಿಗೆ ಹದಿನಾರು, ಬ್ಯಾಗಿಗೆ ನೇತುಹಾಕಿಕೊಳ್ಳುತ್ತಾಳೆ ಅಷ್ಟೇ. ಅವಳ ತಮ್ಮ ಮಾತ್ರ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನವನು.

ಇನ್ನು ಅಂಗಡಿಯ ತೊಂದರೆಗಳು. ಬೆಲೆ ಚೀಟಿ ಯಾವುದಕ್ಕೂ ಇಲ್ಲ, ಕೇಳಿಯೇ ತಿಳಿಯಬೇಕು. ನಿಮ್ಮ ಅಂಗಿ ನೋಡಿ ಬೆಲೆ ಹೇಳುವವನಲ್ಲ ಅಂತ ನನಗನ್ನಿಸುತ್ತದೆ, ಆದರೂ ಬರೆದಿಟ್ಟರೆ ಒಳ್ಳೆಯದು. ಬಿಲ್ ಕೇಳಿದರೆ ಮಾತ್ರ ಕೊಡುತ್ತಾನೆ. ಕೊಟ್ಟ ಬಿಲ್‌ನಲ್ಲಿ 'ಟಾಯ್ 1' ಅಂತಷ್ಟೇ ಇತ್ತು. ನಾನು ಬಿಡದೆ ಸರಣಿ ಹೆಸರು, 'ಒರಿಜಿನಲ್' ಅನ್ನುವ ಪದ, ಎರಡೂ ಬರೆಸಿಕೊಂಡೆ. ನಾಳೆ ತಕರಾರು ಬಂದರೆ ಆ ಒಂದು ಪದವೇ ಕೆಲಸಕ್ಕೆ ಬರುವುದು, ನೀವೂ ಬರೆಸಿಕೊಳ್ಳಿ. ಮೆಟ್ಟಿಲು ಕಡಿದು, ಲೈಟು ಮಂಕು. ಭಾನುವಾರ ಸಂಜೆ ಕಾಲಿಡಲು ಜಾಗವಿಲ್ಲ, ಹುಡುಗನಿಗೆ ಮಾತಾಡಲು ಪುರುಸೊತ್ತೂ ಇರುವುದಿಲ್ಲ.

ಅಲ್ಲಿ ಹಾಟ್ ವೀಲ್ಸ್ ಆಟಿಕೆ ಕಾರುಗಳೂ ಇವೆ. ನನ್ನ ಹುಚ್ಚು ಅದು. ಇದರಲ್ಲಿ ಮಾತ್ರ ನನಗೂ ಅವನಿಗೂ ಸರಿಬರುವುದಿಲ್ಲ. ಇನ್ನೂರು ರೂಪಾಯಿಯೊಳಗೆ ಎಂಆರ್‌ಪಿ ಹೊಡೆದಿರುವ ಮಾಮೂಲಿ ಕಾರನ್ನು ಐನೂರಕ್ಕೆ ಮಾರುತ್ತಾನೆ. 'ಸಿಗುವುದಿಲ್ಲ ಅಂಕಲ್' ಅಂತಾನೆ. ಸಿಗದಿರುವುದಕ್ಕೆ ಕಾರಣ ಇಂಥವರೇ ಬೆಳಿಗ್ಗೆ ಬೆಳಿಗ್ಗೆ ಸೂಪರ್ ಮಾರ್ಕೆಟ್‌ಗೆ ನುಗ್ಗಿ ರ‍್ಯಾಕ್ ಖಾಲಿ ಮಾಡುವುದು ಅಲ್ವಾ? ನಾನು ಅದನ್ನು ತಗೊಳ್ಳಲಿಲ್ಲ. ಸೂಪರ್ ಟ್ರೆಷರ್ ಹಂಟ್, ಅಂದರೆ ಮಾಮೂಲಿ ಕಾರುಗಳ ನಡುವೆ ಅಪರೂಪಕ್ಕೆ ಸಿಗುವ ವಿಶೇಷ ಕಾರು, ಬೇಕಿದ್ದರೆ ಮಾತ್ರ ಇಲ್ಲಿ ನೋಡಬಹುದು. ಅಸಲಿಯಲ್ಲಿ ಹೊಳೆಯುವ ಸ್ಪೆಕ್ಟ್ರಾಫ್ಲೇಮ್ ಬಣ್ಣ, ರಬ್ಬರ್ ಟೈರು, ಕಾರಿನ ಮೇಲೆಲ್ಲೋ ಟಿಎಚ್ ಅಕ್ಷರ ಇರುತ್ತವೆ. ಈಚಿನ ವರ್ಷಗಳಲ್ಲಿ ಕಾರು ಅಂಟಿಸಿ ಬರುವ ರಟ್ಟಿನ ಕಾರ್ಡಿನಲ್ಲಿ ಕಾರಿನ ಹಿಂದೆ ಚಿನ್ನದ ಬಣ್ಣದ ಜ್ವಾಲೆಯ ಗುರುತೂ ಇದೆ. ಮಾಮೂಲಿ ಕಾರಿಗೆ ರಬ್ಬರ್ ಟೈರು ಹಾಕಿ, ಬಣ್ಣ ಬಳಿದು, ಪ್ಲಾಸ್ಟಿಕ್ ಮುಚ್ಚಳ ಮತ್ತೆ ಅಂಟಿಸಿ ಮಾರುವವರಿದ್ದಾರೆ. ಅವರು ಬಣ್ಣ ಬದಲಿಸಬಹುದು, ಆದರೆ ಒಮ್ಮೆ ಬಿಚ್ಚಿದ ಕಾರ್ಡು ಹಾಗೇ ಕೂರುವುದಿಲ್ಲ. ಮುಚ್ಚಳದ ಅಂಚಿನಲ್ಲಿ ಕಾಗದ ಸಿಪ್ಪೆ ಎದ್ದಿದೆಯಾ, ಅಂಟು ಮಸುಕಾಗಿ ಹರಡಿದೆಯಾ ನೋಡಿ. ಮಧ್ಯಾಹ್ನ ಹೋಗಿ, ಕಿಟಕಿ ಹತ್ತಿರ ತಗೊಂಡು ಹೋಗಿ ನೋಡಿ, ಅವನು ಬೇಡ ಅನ್ನುವುದಿಲ್ಲ.