ಮರ ಕಡಿಯುವವರು ತೋರಿಸುವ ಶಿಕ್ಕಾ (ಸೀಲು) ನೋಡಿ ಮೋಸ ಹೋಗಬೇಡಿ

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಸ್ವಂತ ಮನೆ ಇರುವವರು, ಅದರಲ್ಲೂ ಹಗಲು ಹೊತ್ತು ವಯಸ್ಸಾದವರಷ್ಟೇ ಮನೆಯಲ್ಲಿರುವವರು ಇದನ್ನು ದಯವಿಟ್ಟು ಓದಿ.

ನಮ್ಮ ಮನೆ ಧಾರವಾಡದ ಸಪ್ತಾಪುರದ ಕಡೆ. ಕಾಂಪೌಂಡಿನೊಳಗೆ ಅಪ್ಪ ಹಚ್ಚಿದ ಬೇವಿನ ಗಿಡ ಇತ್ತು. ಒಂದೆರಡು ಟೊಂಗೆ ಪಕ್ಕದವರ ತಗಡಿನ ಮೇಲೆ ಚಾಚಿದ್ದವು. ಮಳೆಗಾಲದೊಳಗೆ ಸವರಿಸಿ ಅಂತ ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಷ್ಟರಲ್ಲೇ ಒಬ್ಬ ಕಟ್ಟಿಗೆ ವ್ಯಾಪಾರಿ ಬಾಗಿಲಿಗೆ ಬಂದ. "ಅಮ್ಮಾರ, ರೊಕ್ಕ ಏನೂ ಬ್ಯಾಡ್ರಿ. ಕಟ್ಟಿಗಿ ನಮಗ ಬಿಡ್ರಿ ಸಾಕು, ಪರ್ಮಿಶನ್ ನಾವ ತರ್ತೀವ್ರಿ" ಅಂದ. ಅವ್ವನ ಸಹಿ ತಗೊಂಡು ಹೋದವನು, ಆಮೇಲೆ ನೀಲಿ ಶಿಕ್ಕಾ ಬಿದ್ದ ಕಾಗದ ತಂದು ತೋರಿಸಿದ.

ಕೆಲಸದ ದಿನ ನಾನು ಹುಬ್ಬಳ್ಳಿಯ ಆಫೀಸಿನಲ್ಲಿದ್ದೆ. ಟೊಂಗೆ ಸವರಲು ಬಂದವರು ಮಷೀನ್ ಗರಗಸ ನೇರವಾಗಿ ಬುಡಕ್ಕೇ ಹಚ್ಚಿದರು. ಅವ್ವ ಕೂಗಾಡಿದರೆ, "ಒಳಗ ಟೊಳ್ಳ ಐತ್ರಿ, ನಾಳೆ ಮನಿ ಮ್ಯಾಲೆ ಬೀಳತೈತಿ" ಅಂದರಂತೆ. ಸಂಜೆ ಬಂದು ನೋಡಿದರೆ ಬೊಡ್ಡೆ ಮಾತ್ರ ಉಳಿದಿತ್ತು. ಬೆರಳಾಡಿಸಿ ನೋಡಿದೆ. ಟೊಳ್ಳೂ ಇಲ್ಲ, ಹುಳುವೂ ಇಲ್ಲ, ನಡುವೆ ಕೆಂಪಗೆ ಗಟ್ಟಿ ಚೇಗು. ದಪ್ಪ ದಿಮ್ಮಿಗಳೆಲ್ಲ ಲೋಡಾಗಿ ಹೋಗಿದ್ದವು. ಎಲೆ-ಕಡ್ಡಿ ಮಾತ್ರ ನಮಗೆ ಬಿಟ್ಟಿದ್ದರು, ದೊಡ್ಡ ಉಪಕಾರ!

ಯಾರೋ ದೂರು ಕೊಟ್ಟು ಅರಣ್ಯ ಇಲಾಖೆಯವರು ಬಂದರು. ಧೈರ್ಯವಾಗಿ ಆ ಕಾಗದ ತೋರಿಸಿದೆವು. ಅದು ಪರವಾನಗಿಯೇ ಅಲ್ಲ, ಅವ್ವನ ಅರ್ಜಿಯ ಪ್ರತಿ! ಅರ್ಜಿ ಮುಟ್ಟಿದೆ ಅನ್ನುವುದಕ್ಕೆ ಹೊಡೆಯುವ ಟಪಾಲು ಶಿಕ್ಕಾ ಅದು. ಅರ್ಜಿಯಲ್ಲಿ ಟೊಂಗೆಯ ಮಾತೇ ಇಲ್ಲ, "ಒಣಗಿದ ಮರ ತೆರವು" ಅಂತ ಆ ವ್ಯಾಪಾರಿ ಬರೆದಿದ್ದ. ಕೇಸ್ ಅವ್ವನ ಹೆಸರಿಗೆ ಬಿತ್ತು. ಅವನ ಫೋನ್ ಅವತ್ತಿನಿಂದ ಸ್ವಿಚ್ ಆಫ್.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಜಾಗ ನಿಮ್ಮದೇ ಆದರೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಮೊದಲೇ ಬೇಕು. ಕಡಿದವನಷ್ಟೇ ಅಲ್ಲ, ಕಡಿಸಿದವರೂ ಹೊಣೆ. ಟೊಂಗೆ ಕಡಿಯುವುದು, ತೊಗಟೆಯನ್ನು ಸುತ್ತಲೂ ಸುಲಿಯುವುದು, ಬುಡಕ್ಕೆ ಔಷಧ ಹಾಕಿ ಒಣಗಿಸುವುದು, ಇವೂ ಕಡಿದ ಲೆಕ್ಕವೇ. ಬುಡಕ್ಕೆ ಆ್ಯಸಿಡ್ ಹಾಕಿದರೆ ಯಾರಿಗೂ ಗೊತ್ತಾಗಲ್ಲ ಅಂತ ಉಪದೇಶ ಮಾಡುವವರು ಪ್ರತಿ ಓಣಿಯಲ್ಲೂ ಇರುತ್ತಾರೆ, ಅಲ್ವಾ? ತೆಂಗು, ನೀಲಗಿರಿ, ಸುಬಾಬುಲ್, ಗಾಳಿಮರದಂಥ ಕೆಲವಕ್ಕೆ ವಿನಾಯಿತಿ ಇದೆ. ಬೇವಿಗೆ ಇಲ್ಲ. ಶ್ರೀಗಂಧವಂತೂ ಹಕ್ಕಿ ಹಿಕ್ಕೆಯಿಂದ ತಾನಾಗಿ ಹುಟ್ಟಿದ್ದರೂ ಅದಕ್ಕೆ ಬೇರೆಯೇ ಕಾನೂನು, ಮುಟ್ಟಲೇಬೇಡಿ.

ಸಿಟ್ಟು ಬರುವುದು ಯಾಕೆಂದರೆ, ಇದಕ್ಕೆ ಅಡ್ಡದಾರಿ ಬೇಕಾಗಿಯೇ ಇರಲಿಲ್ಲ. ಒಣಗಿದ, ರೋಗ ಬಂದ, ಜೀವಕ್ಕೋ ಮನೆಗೋ ಅಪಾಯ ಇರುವ ಮರಕ್ಕೆ ಅನುಮತಿ ಕೊಡಲು ಕಾಯ್ದೆಯಲ್ಲೇ ಅವಕಾಶ ಇದೆ. ಬದಲಿಗೆ ಬೇರೆ ಗಿಡ ಹಚ್ಚಬೇಕು, ಅಷ್ಟೇ.

ಹಾಗಾಗಿ ಅರ್ಜಿ ನೀವೇ ಬರೆಯಿರಿ, ನೀವೇ ಕೊಡಿ. ಖಾಲಿ ಹಾಳೆಗೆ ಸಹಿ ಬೇಡ. ಕಾಗದ ಬಂದರೆ ಶಿಕ್ಕಾ ಬಿಟ್ಟು ಒಳಗಿನ ಒಕ್ಕಣೆ ಓದಿ: ಆದೇಶ ಅಂತ ಇದೆಯಾ, ಯಾವ ಮರ, ಟೊಂಗೆಯೋ ಪೂರ್ತಿಯೋ, ಅಧಿಕಾರಿಯ ಸಹಿ ಇದೆಯಾ. ಸುಮ್ನೆ ಕಟ್ಟಿಗೆಗಾಗಿ ಪುಕ್ಕಟೆ ಕಡಿದುಕೊಡುತ್ತೇನೆ ಅನ್ನುವವನಿಗೆ ದಪ್ಪ ದಿಮ್ಮಿಯೇ ಬೇಕಿರುತ್ತದೆ, ಟೊಂಗೆಯಲ್ಲ. ಕೂಲಿ ಕೊಟ್ಟೇ ಸವರಿಸಿ, ಆ ದಿನ ಗಟ್ಟಿ ಆಳೊಬ್ಬರು ಮನೆಯಲ್ಲಿರಿ.

ಇದೇ ಥರ ಕಾಗದ ಹಿಡಿದುಕೊಂಡು ಒಬ್ಬ ಈಗ ನವನಗರದ ಕಡೆ ಓಡಾಡುತ್ತಿದ್ದಾನೆ ಅಂತ ಪರಿಚಯದವರು ಹೇಳಿದರು. ಮನೆಯ ಹಿರಿಯರಿಗೆ ಇವತ್ತೇ ಹೇಳಿಡಿ.